ಹಳ್ಳದ ಹುಳುಗಳು ಹೇಳುವ ನೀರಿನ ಗುಣ: ಮಲೆನಾಡಿನಲ್ಲಿ ಋತು ನೋಡಿ ಓದಬೇಕಾದ ಲೆಕ್ಕ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಸಿದ್ಧಪಡಿಸಿದ ಕಲುಷಿತ ನದಿಪಾತ್ರಗಳ ಪಟ್ಟಿಯಲ್ಲಿ ದೇಶದ 351 ಪಾತ್ರಗಳಿದ್ದವು, ಅವುಗಳಲ್ಲಿ 17 ಕರ್ನಾಟಕದವು. ಬೆಂಗಳೂರಿನ ಕೊಳೆಯನ್ನು ಹೊತ್ತು ಸಾಗುವ ಅರ್ಕಾವತಿ ಅಲ್ಲಿದ್ದುದರಲ್ಲಿ ಹೊಸತೇನೂ ಇರಲಿಲ್ಲ. ಆದರೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿ ಬರುವ ತುಂಗಾ, ಭದ್ರಾ, ನೇತ್ರಾವತಿ, ಕುಮಾರಧಾರಾ ನದಿಗಳ ಹೆಸರೂ ಅದೇ ಪಟ್ಟಿಯಲ್ಲಿತ್ತು. ನೀರಿನ ಬಿಓಡಿ, ಅಂದರೆ ಕೊಳೆಯುವ ವಸ್ತುವನ್ನು ಅರಗಿಸಲು ಸೂಕ್ಷ್ಮಜೀವಿಗಳು ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣ, ಲೀಟರಿಗೆ 3 ಮಿಲಿಗ್ರಾಂ ದಾಟಿದ ಕಡೆಗಳನ್ನು ಆಧರಿಸಿ ಈ ಪಟ್ಟಿ ತಯಾರಾಗುತ್ತದೆ. ಅದಕ್ಕಾಗಿ ಮಾದರಿ ತೆಗೆಯುವ ಜಾಗಗಳು ಬಹುಮಟ್ಟಿಗೆ ದೊಡ್ಡ ನದಿಗಳ ಮೇಲೆ, ಪಟ್ಟಣಗಳ ಮತ್ತು ಸೇತುವೆಗಳ ಆಸುಪಾಸಿನಲ್ಲಿವೆ. ಆ ನದಿಗಳನ್ನು ತುಂಬಿಸುವ ಕಾಡಿನ ಹಳ್ಳಗಳಲ್ಲಿ, ಮನೆಮನೆಗೆ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರಿನ ಮೂಲಗಳಲ್ಲಿ ವರ್ಷದುದ್ದಕ್ಕೂ ಏನು ನಡೆಯುತ್ತದೆ ಎಂಬುದನ್ನು ನಿಯಮಿತವಾಗಿ ಅಳೆಯುವ ವ್ಯವಸ್ಥೆ ಇಲ್ಲವೆಂದೇ ಹೇಳಬೇಕು. ನದಿ ಕೆಡುವುದು ಬಯಲಿಗೆ ಇಳಿದ ಮೇಲೆಯೋ ಘಟ್ಟದಲ್ಲೇ ಶುರುವಾಗುತ್ತದೆಯೋ ಎಂಬ ಪ್ರಶ್ನೆಗೆ ಹೀಗಾಗಿ ಉತ್ತರವೂ ಇಲ್ಲ.

ಪ್ರತಿ ಹಳ್ಳಕ್ಕೂ ಪ್ರಯೋಗಾಲಯದ ಸಿಬ್ಬಂದಿಯನ್ನು ತಿಂಗಳಿಗೊಮ್ಮೆ ಕಳಿಸುವುದು ಆಗದ ಕೆಲಸ. ಕಳಿಸಿದರೂ ಬಾಟಲಿಯಲ್ಲಿ ತುಂಬಿಕೊಂಡ ನೀರು ಆ ಕ್ಷಣದ ಸಂಗತಿಯನ್ನಷ್ಟೇ ಹೇಳುತ್ತದೆ. ಇಳಿಜಾರಿನಲ್ಲಿ ವೇಗವಾಗಿ ಹರಿಯುವ ಹಳ್ಳಕ್ಕೆ ರಾತ್ರಿ ಬಿಟ್ಟ ಕೊಳೆನೀರು ಬೆಳಗಾಗುವಷ್ಟರಲ್ಲಿ ಕೆಳಗಿನ ಹೊಳೆಗೆ ಸೇರಿಬಿಟ್ಟಿರುತ್ತದೆ, ಹನ್ನೊಂದು ಗಂಟೆಗೆ ಬಂದು ಮಾದರಿ ತೆಗೆದವರಿಗೆ ತಿಳಿನೀರೇ ಸಿಗುತ್ತದೆ. ಆ ರಾತ್ರಿಯೂ ಅಲ್ಲೇ ಇದ್ದು, ಬೇರೆಲ್ಲಿಗೂ ಹೋಗಲಾರದೆ ಎಲ್ಲವನ್ನೂ ಅನುಭವಿಸಿದ ಜೀವಿಗಳು ಹಳ್ಳದ ತಳದಲ್ಲಿವೆ. ಬೆನ್ನೆಲುಬಿಲ್ಲದ ಈ ಜಲಚರಗಳಲ್ಲಿ ಹೆಚ್ಚಿನವು ಕೀಟಗಳ ಮರಿಗಳು. ಕೆಲವು ವಾರಗಳಿಂದ ಹಿಡಿದು ಹಲವು ತಿಂಗಳುಗಳವರೆಗೆ ಅವು ನೀರಿನಲ್ಲೇ ಬೆಳೆಯುತ್ತವೆ. ಯಾವುವು ಉಳಿದಿವೆ, ಯಾವುವು ಇಲ್ಲವಾಗಿವೆ ಎಂದು ನೋಡಿದರೆ ಆ ನೀರಿನ ಹಿಂದಿನ ಹಲವು ವಾರಗಳ ಸ್ಥಿತಿ ಒಟ್ಟಾಗಿ ತಿಳಿಯುತ್ತದೆ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಕಲ್ಲುಗಳ ನಡುವೆ ಸದ್ದು ಮಾಡುತ್ತ ಹರಿಯುವ ಜಾಗದಲ್ಲಿ ಬೊಗಸೆಯಗಲದ ಕಲ್ಲೊಂದನ್ನು ಎತ್ತಿ ಮಗುಚಬೇಕು. ಕಲ್ಲಿನ ಅಡಿಯಲ್ಲಿ ಚಪ್ಪಟೆ ತಲೆಯ, ಬಾಲದ ಕಡೆ ಕೂದಲೆಳೆಯಂಥ ಎರಡು ಮೂರು ತಂತುಗಳಿರುವ ಹುಳು ಏಡಿಯ ಹಾಗೆ ಪಕ್ಕಕ್ಕೆ ಸರಿದು ಮರೆಯಾಗುತ್ತದೆ. ಇದು ಹೆಪ್ಟಜಿನಿಡೇ ಕುಟುಂಬದ ಮೇಫ್ಲೈ ಮರಿ. ಹೊಟ್ಟೆಯ ಇಕ್ಕೆಲಗಳಲ್ಲಿ ಎಲೆಯಂಥ ಕಿವಿರುಗಳ ಸಾಲಿರುವುದರಿಂದ ನೀರಿನಲ್ಲಿ ಆಮ್ಲಜನಕ ತುಸು ಇಳಿದರೂ ಇದಕ್ಕೆ ಕಷ್ಟ. ಅದೇ ಕಲ್ಲಿಗೆ ಮರಳಿನ ಕಣಗಳನ್ನು ರೇಷ್ಮೆಯಂಥ ಎಳೆಯಿಂದ ಅಂಟಿಸಿ ಮಾಡಿದ ಪುಟ್ಟ ಕೊಳವೆಗಳು ಕಚ್ಚಿಕೊಂಡಿದ್ದರೆ ಅವು ಕ್ಯಾಡಿಸ್‌ಫ್ಲೈ ಮರಿಗಳ ಮನೆಗಳು. ಅಂಥ ಮನೆ ಕಟ್ಟದ ಹೈಡ್ರೊಸೈಕಿಡೇ ಕುಟುಂಬದ ಕ್ಯಾಡಿಸ್‌ಗಳು ಕಲ್ಲುಸಂದಿಯಲ್ಲಿ ಬಲೆ ನೇಯ್ದು, ನೀರು ಹೊತ್ತು ತರುವ ಆಹಾರವನ್ನು ಸೋಸಿಕೊಳ್ಳುತ್ತವೆ. ಎರಡೇ ಬಾಲತಂತುಗಳಿರುವ, ಎದೆಯ ಬಳಿ ಕುಚ್ಚಿನಂಥ ಕಿವಿರುಗಳಿರುವ ಬೇಟೆಗಾರ ಹುಳು ಕಂಡರೆ ಅದು ಪರ್ಲಿಡೇ ಕುಟುಂಬದ ಸ್ಟೋನ್‌ಫ್ಲೈ. ಇದಿದ್ದ ಕಡೆ ನೀರು ತಂಪಾಗಿ, ಆಮ್ಲಜನಕ ತುಂಬಿಕೊಂಡು ಹರಿಯುತ್ತಿದೆ ಎಂದು ಸಾಮಾನ್ಯವಾಗಿ ನಂಬಬಹುದು. ಇದಕ್ಕೆ ವಿರುದ್ಧವಾಗಿ, ಕೊಳೆ ತುಂಬಿದ ಕೆಸರಿನಲ್ಲಿ ನೂಲಿನಂಥ ಕೆಂಪು ಹುಳುಗಳು ಒತ್ತೊತ್ತಾಗಿರುತ್ತವೆ. ಅವುಗಳಲ್ಲಿ ಕೆಲವು ಕೈರೊನೊಮಿಡೇ ಎಂಬ ನೊಣಜಾತಿಯ ಮರಿಗಳು, ಕೆಲವು ಎರೆಹುಳುವಿನ ಸಂಬಂಧಿಗಳು. ರಕ್ತದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರ ಕಡಿಮೆಯಾದಲ್ಲೂ ಅವು ಬದುಕಬಲ್ಲವು.

ಈ ತಿಳಿವಳಿಕೆಯನ್ನು ಅಂಕಿಗಿಳಿಸುವ ಪ್ರಯತ್ನಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಕೊಳೆತವನ್ನು ಸಹಿಸುವ ಮಟ್ಟಕ್ಕೆ ತಕ್ಕಂತೆ ಜೀವಿಗಳನ್ನು ವರ್ಗೀಕರಿಸಿದ್ದರು. ಇಂದು ಹೆಚ್ಚು ಬಳಕೆಯಲ್ಲಿರುವ ಪದ್ಧತಿಗಳಲ್ಲೊಂದು, 1976ರಲ್ಲಿ ಬ್ರಿಟನ್ನಿನಲ್ಲಿ ರಚನೆಯಾದ ಜೈವಿಕ ನಿಗಾ ಕಾರ್ಯತಂಡವು ರೂಪಿಸಿದ ಅಂಕಪಟ್ಟಿ, ಬಿಎಂಡಬ್ಲ್ಯುಪಿ. ಅದರಲ್ಲಿ ಪ್ರತಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕವಿದೆ, ಕೊಳೆ ತಾಳಲಾರದವಕ್ಕೆ ಹೆಚ್ಚು, ತಾಳುವವಕ್ಕೆ ಕಡಿಮೆ; ಮಾದರಿಯಲ್ಲಿ ಸಿಕ್ಕ ಕುಟುಂಬಗಳ ಅಂಕಗಳನ್ನು ಕೂಡಿದರೆ ಒಟ್ಟು ಅಂಕ ಸಿಗುತ್ತದೆ, ಅದನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಅಂಕ. ನಮ್ಮ ಕೇಂದ್ರ ಮಂಡಳಿಯೂ ಯಮುನೆಯ ಮೇಲೆ ನಡೆಸಿದ ಭಾರತ–ಡಚ್ ಸಹಯೋಗದ ಅಧ್ಯಯನದ ಆಧಾರದಲ್ಲಿ ಇದೇ ಬಗೆಯ ಅಂಕವನ್ನೂ ಜೀವವೈವಿಧ್ಯದ ಸೂಚ್ಯಂಕವನ್ನೂ ಜೋಡಿಸಿ, ಶುದ್ಧ ನೀರಿನಿಂದ ತೀವ್ರ ಮಾಲಿನ್ಯದವರೆಗೆ ಐದು ದರ್ಜೆಗಳ ಮಾನದಂಡವೊಂದನ್ನು ಮಾಡಿದೆ. ಸಾಧನ ಕೈಯಲ್ಲಿದೆ ಎಂದಾಯಿತು. ಅದನ್ನು ಮಲೆನಾಡಿನ ಹಳ್ಳಕ್ಕೆ ಇದ್ದಂತೆಯೇ ಇಳಿಸಲು ಹೋದರೆ ಮೊದಲು ಅಡ್ಡ ಬರುವುದು ಮಳೆ.

ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಹಳ್ಳದ ತಳದ ಕಲ್ಲುಗಳೇ ಉರುಳುತ್ತಿರುವಾಗ ಅವುಗಳ ಮೇಲಿನ ಜೀವಿಗಳು ಕೊಚ್ಚಿಹೋಗುವುದು ಸಹಜ. ವೇಗವಾಗಿ ಈಜುವ, ಬೇಗ ಬೇಗ ತಲೆಮಾರು ಕಳೆಯುವ ಬೀಟಿಡೇ ಮೇಫ್ಲೈಗಳು, ಕೊಕ್ಕೆಗಳಿಂದ ಕಲ್ಲಿಗೆ ಅಂಟಿ ಕೂರುವ ಸಿಮುಲಿಡೇ ಮರಿಗಳು ಹೇಗೋ ಉಳಿಯುತ್ತವೆ, ಇನ್ನು ಕೆಲವು ತಳದ ಮರಳು–ಜಲ್ಲಿಯ ಸಂದಿಗಳಿಗೆ ಇಳಿದು ಪ್ರವಾಹ ದಾಟುತ್ತವೆ. ಜುಲೈನಲ್ಲಿ ಯಾರಾದರೂ ಸಾಹಸ ಮಾಡಿ ಬಲೆ ಹಾಕಿದರೆ ಕುಟುಂಬಗಳು ಬೆರಳೆಣಿಕೆಯಷ್ಟೇ ಸಿಗುತ್ತವೆ. ನೀರು ಕೆಟ್ಟಿದೆಯೆಂದು ಇದರರ್ಥವಲ್ಲ. ಆದರೆ ಕಡಿಮೆ ಕುಟುಂಬ, ಕಡಿಮೆ ಅಂಕ ಎಂದು ಯಾಂತ್ರಿಕವಾಗಿ ಓದಿದವರಿಗೆ ಕೆಟ್ಟಂತೆಯೇ ಕಾಣುತ್ತದೆ.

ಇದನ್ನು ಲೆಕ್ಕದಲ್ಲೇ ತೋರಿಸಬಹುದು. ವಿವರಣೆಗೆಂದು ಒಂದು ಹಳ್ಳವನ್ನು ಕಲ್ಪಿಸಿಕೊಂಡು ಬ್ರಿಟಿಷ್ ಪಟ್ಟಿಯ ಅಂಕಗಳನ್ನೇ ಹಾಕೋಣ. ನವೆಂಬರ್‌ನಲ್ಲಿ ಅಲ್ಲಿ ಎಂಟು ಕುಟುಂಬಗಳು ಸಿಕ್ಕವು: ಹೆಪ್ಟಜಿನಿಡೇ 10, ಲೆಪ್ಟೊಫ್ಲೆಬಿಡೇ ಎಂಬ ಇನ್ನೊಂದು ಮೇಫ್ಲೈ ಕುಟುಂಬಕ್ಕೆ 10, ಪರ್ಲಿಡೇ 10, ಗಾಂಫಿಡೇ ಎಂಬ ಏರೋಪ್ಲೇನ್ ಚಿಟ್ಟೆಯ ಕುಟುಂಬಕ್ಕೆ 8, ಹೈಡ್ರೊಸೈಕಿಡೇ 5, ಸಿಮುಲಿಡೇ 5, ಬೀಟಿಡೇ 4, ಕೈರೊನೊಮಿಡೇ 2. ಒಟ್ಟು 54, ಸರಾಸರಿ 6.75. ಜುಲೈನ ಪ್ರವಾಹದಲ್ಲಿ ಹೆಪ್ಟಜಿನಿಡೇ, ಹೈಡ್ರೊಸೈಕಿಡೇ, ಸಿಮುಲಿಡೇ, ಬೀಟಿಡೇ ಈ ನಾಲ್ಕೇ ಸಿಕ್ಕಿದರೆ ಒಟ್ಟು 24ಕ್ಕೆ ಕುಸಿಯುತ್ತದೆ, ಸರಾಸರಿ ಮಾತ್ರ 6ರಲ್ಲಿ ನಿಲ್ಲುತ್ತದೆ. ಈಗ ಜನವರಿಯಲ್ಲಿ ಕೊಳೆನೀರು ನುಗ್ಗಿ ಹೈಡ್ರೊಸೈಕಿಡೇ, ಬೀಟಿಡೇ, ಕೈರೊನೊಮಿಡೇ ಮತ್ತು 1 ಅಂಕದ ಎರೆಹುಳುಜಾತಿ ಮಾತ್ರ ಉಳಿದವು ಎನ್ನೋಣ. ಇಲ್ಲಿಯೂ ನಾಲ್ಕೇ ಕುಟುಂಬ, ಒಟ್ಟು 12, ಆದರೆ ಸರಾಸರಿ 3. ಪ್ರವಾಹವು ನಾಜೂಕಾದ ಜೀವಿ, ಗಟ್ಟಿ ಜೀವಿ ಎಂದು ನೋಡದೆ ಎರಡನ್ನೂ ಗುಡಿಸುತ್ತದೆ. ಸಾವಯವ ಕೊಳೆ ನಾಜೂಕಾದವನ್ನೇ ಆರಿಸಿ ಕೊಲ್ಲುತ್ತದೆ. ಹೀಗಾಗಿ ಒಟ್ಟು ಅಂಕ ಋತುವಿನೊಂದಿಗೆ ಏರಿಳಿದಷ್ಟು ಸರಾಸರಿ ಅಂಕ ಏರಿಳಿಯುವುದಿಲ್ಲ. ಒಟ್ಟು ಬಿದ್ದು ಸರಾಸರಿ ನಿಂತಿದ್ದರೆ ಮಳೆಯನ್ನು, ಎರಡೂ ಬಿದ್ದಿದ್ದರೆ ಮಾಲಿನ್ಯವನ್ನು ಮೊದಲು ಶಂಕಿಸಬೇಕು. ಎರಡನ್ನೂ ಜೊತೆಗಿಟ್ಟು ನೋಡದ ಯಾವ ವರದಿಯನ್ನೂ ಮಲೆನಾಡಿನ ಮಟ್ಟಿಗೆ ನಂಬಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಬೇಸಿಗೆಯಲ್ಲಿ ಈ ಸೂತ್ರವೂ ಸಾಲದು. ಮಾರ್ಚ್ ಕಳೆಯುವಷ್ಟರಲ್ಲಿ ಹರಿವು ಸೊರಗಿ, ಹಲವು ಹಳ್ಳಗಳು ಅಲ್ಲಲ್ಲಿ ನಿಂತ ಗುಂಡಿಗಳಾಗುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಬಲ್ಲ ಆಮ್ಲಜನಕ ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಾತ್ರ. ಉದುರಿದ ಎಲೆಗಳು ಗುಂಡಿಯಲ್ಲಿ ಕೊಳೆತು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಬಿಓಡಿಯೂ ಏರುತ್ತದೆ. ಹರಿಯುವ ನೀರನ್ನೇ ನಂಬಿದ ಕುಟುಂಬಗಳು ಹಿಂದೆ ಸರಿದು ನಿಂತ ನೀರಿನ ತಿಗಣೆಗಳು, ಜೀರುಂಡೆಗಳು, ಬಸವನಹುಳುಗಳು ಮುಂದೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಪಟ್ಟಿಯಲ್ಲಿ 3ರಿಂದ 5 ಅಂಕವಷ್ಟೇ. ಮನುಷ್ಯರ ಸುಳಿವೇ ಇಲ್ಲದ ಕಾಡಿನೊಳಗಿನ ಹಳ್ಳದಲ್ಲೂ ಸರಾಸರಿ ಹೀಗೆ ಕುಸಿಯಬಹುದು. ಆದ್ದರಿಂದ ಹರಿವಿನ ಜಾಗದ ಮಾದರಿಯನ್ನೂ ಗುಂಡಿಯ ಮಾದರಿಯನ್ನೂ ಬೆರೆಸದೆ ಬೇರೆಬೇರೆಯಾಗಿ ಎಣಿಸಬೇಕು. ಜೊತೆಗೆ, ಅದೇ ಎತ್ತರದಲ್ಲಿ ಅದೇ ವಾರದಲ್ಲಿ ತೆಗೆದ, ತೋಟ–ಮನೆಗಳಿಲ್ಲದ ಕಾಡುಹಳ್ಳದ ಮಾದರಿಯೊಂದಿಗೆ ಹೋಲಿಸಬೇಕು. ಬ್ರಿಟನ್ನಿನವರೇ ತಮ್ಮ ಅಂಕಪಟ್ಟಿಯನ್ನು ಬರಿಯ ಅಂಕವಾಗಿ ಬಿಡಲಿಲ್ಲ. ಕೆಡದ ಹೊಳೆಗಳ ದತ್ತಾಂಶದಿಂದ ಒಂದೊಂದು ಜಾಗದಲ್ಲಿ ಯಾವ ಜೀವಿಗಳಿರಬೇಕಿತ್ತು ಎಂದು ಅಂದಾಜಿಸಿ, ಸಿಕ್ಕಿದ್ದಕ್ಕೂ ಇರಬೇಕಾದದ್ದಕ್ಕೂ ಇರುವ ಅನುಪಾತ ನೋಡುವ ಪದ್ಧತಿಯನ್ನು ಬೆಳೆಸಿದರು. ವಸಂತ, ಬೇಸಿಗೆ, ಶರತ್ಕಾಲಗಳ ಮಾದರಿಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹಳ್ಳಕ್ಕೆ ನಿಜವಾಗಿ ಪೆಟ್ಟು ಬೀಳುವ ಕಾಲವೂ ಋತುವಿಗೆ ಕಟ್ಟುಬಿದ್ದಿದೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಸೀಮೆಯಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ, ರೊಬಸ್ಟಾ ಸೇರಿ ಮಾರ್ಚ್‌ವರೆಗೆ ನಡೆಯುತ್ತದೆ. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡುವವರಿಂದ ಹಳ್ಳಕ್ಕೆ ಅಂಥ ತೊಂದರೆಯಿಲ್ಲ. ಪಾರ್ಚ್‌ಮೆಂಟ್, ಅಂದರೆ ತೊಳೆದು ಒಣಗಿಸಿದ ಬೀಜ, ಮಾಡಲು ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ, ಲೋಳೆ ತೊಳೆದ ನೀರಿನದ್ದೇ ಸಮಸ್ಯೆ. ಸಕ್ಕರೆ ಮತ್ತು ಪೆಕ್ಟಿನ್ ತುಂಬಿದ ಆ ನೀರು ಹುಳಿಯಾಗುತ್ತದೆ, ಅದರ ಬಿಓಡಿ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ; ನದಿಯೊಂದನ್ನು ಕಲುಷಿತ ಎನ್ನಲು 3 ಸಾಕು ಎಂಬುದನ್ನು ಇಲ್ಲಿ ನೆನಪಿಡಬೇಕು. ಹೊಂಡಗಳಲ್ಲಿ ನಿಲ್ಲಿಸಿ ಸಂಸ್ಕರಿಸಬೇಕು, ಹಳ್ಳಕ್ಕೆ ಬಿಡಬಾರದು ಎಂಬ ನಿಯಮವಿದೆ. ಕಡಿಮೆ ನೀರು ಬಳಸುವ ಪಲ್ಪರ್‌ಗಳನ್ನು ಹಾಕಿಸಿಕೊಂಡು ನಿಯಮ ಪಾಲಿಸುವ ಬೆಳೆಗಾರರೂ ಇದ್ದಾರೆ. ಹೊಂಡ ತುಂಬಿ ಉಕ್ಕಿದಾಗಲೋ ಯಾರೂ ನೋಡದ ಹೊತ್ತಿನಲ್ಲೋ ನೀರು ಹಳ್ಳ ಸೇರಿದರೆ, ಹರಿವು ದಿನದಿನಕ್ಕೆ ಇಳಿಯುತ್ತಿರುವ ಆ ತಿಂಗಳುಗಳಲ್ಲಿ ಅದನ್ನು ತೆಳುವಾಗಿಸಲು ಬೇರೆ ನೀರೇ ಇರುವುದಿಲ್ಲ. ಬೆಳಗಿನ ಬಾಟಲಿಗೆ ಸಿಗದ ಆ ಘಟನೆ ತಳದ ಕಲ್ಲುಗಳ ಮೇಲೆ ವಾರಗಟ್ಟಲೆ ಉಳಿಯುತ್ತದೆ: ತೋಟದ ಮೇಲ್ಭಾಗದಲ್ಲಿ ಚಪ್ಪಟೆ ಮೇಫ್ಲೈಗಳು, ಕೆಳಭಾಗದಲ್ಲಿ ಕಲ್ಲಿಗೆ ಹತ್ತಿದ ಬೂದುಬಣ್ಣದ ಲೋಳೆ ಮತ್ತು ಕೆಂಪು ಹುಳುಗಳು. ಒಂದೇ ಹಳ್ಳದ ಎರಡು ಜಾಗಗಳನ್ನು ಒಂದೇ ದಿನ ನೋಡಿದಾಗ ಋತು ಎರಡಕ್ಕೂ ಸಮಾನ, ವ್ಯತ್ಯಾಸಕ್ಕೆ ಕಾರಣ ನಡುವೆ ಎಲ್ಲೋ ಇರಲೇಬೇಕು.

ಅಡಿಕೆ ಸೀಮೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಕೊಳೆರೋಗ ತಡೆಯಲು ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯುವುದು ತೋಟಗಾರರಿಗೆ ಅನಿವಾರ್ಯ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ರೂಢಿಯ ಅಳತೆ. ಮೈಲುತುತ್ತದ ತಾಮ್ರ ಬಹುಪಾಲು ಮಣ್ಣಿಗೆ ಅಂಟಿಕೊಳ್ಳುತ್ತದೆ, ಆದರೆ ಜಡಿಮಳೆಯಲ್ಲಿ ಮಣ್ಣೇ ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತದೆ. ಸಾವಯವ ಕೊಳೆಗೆಂದೇ ರಚಿತವಾದ ಅಂಕಪಟ್ಟಿಗಳು ತಾಮ್ರವನ್ನು ಸರಿಯಾಗಿ ಹಿಡಿಯಲಾರವು, ಏಕೆಂದರೆ ಆಮ್ಲಜನಕ ಕಡಿಮೆಯಾಗದೆಯೂ ಅದು ವಿಷವಾಗುತ್ತದೆ. ಅಮೆರಿಕದ ಕೊಲರಾಡೊದ ಹಳೆಯ ಗಣಿ ಪ್ರದೇಶಗಳ ತೊರೆಗಳಲ್ಲಿ ಲೋಹದ ಹೊರೆಗೆ ಮೊದಲು ಕಾಣೆಯಾದವು ಹೆಪ್ಟಜಿನಿಡೇ ಮೇಫ್ಲೈಗಳು, ಕ್ಯಾಡಿಸ್‌ಫ್ಲೈಗಳು ಅವಕ್ಕಿಂತ ಹೆಚ್ಚು ತಾಳಿಕೊಂಡವು. ಮಳೆ ನಿಂತ ಮೇಲೆ ನಮ್ಮ ಅಡಿಕೆ ಕಣಿವೆಯ ಹಳ್ಳವೊಂದರಲ್ಲಿ ಆಮ್ಲಜನಕ ಚೆನ್ನಾಗಿದ್ದು, ಕ್ಯಾಡಿಸ್ ಇದ್ದು, ಚಪ್ಪಟೆ ಮೇಫ್ಲೈಗಳು ಮಾತ್ರ ಮತ್ತೆ ಬಾರದೇ ಇದ್ದರೆ ಆ ಹಳ್ಳದ ಕೆಸರಿನಲ್ಲಿ ತಾಮ್ರದ ಪರೀಕ್ಷೆ ಮಾಡಿಸಲು ಅಷ್ಟು ಕಾರಣ ಸಾಕು. ಹುಳುಗಳು ಯಾವ ವಿಷವೆಂದು ಹೇಳಲಾರವು, ಎಲ್ಲಿ ಯಾವಾಗ ಹುಡುಕಬೇಕೆಂದು ಹೇಳಬಲ್ಲವು. ಬಡ ಪ್ರಯೋಗಾಲಯಗಳ ನಾಡಿನಲ್ಲಿ ಅದು ಸಣ್ಣ ಉಪಕಾರವಲ್ಲ.

ಹೆಚ್ಚು ಬಗೆಯ ಜೀವಿಗಳಿದ್ದಷ್ಟೂ ನೀರು ಶುದ್ಧ ಎಂಬ ಸರಳ ನಂಬಿಕೆಗೂ ನಮ್ಮ ಘಟ್ಟದಲ್ಲೇ ಎಚ್ಚರಿಕೆಯ ಪಾಠವಿದೆ. ಕೆ. ಎ. ಸುಬ್ರಮಣಿಯನ್, ಕೆ. ಜಿ. ಶಿವರಾಮಕೃಷ್ಣನ್ ಮತ್ತು ಮಾಧವ ಗಾಡ್ಗೀಳ್ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹಳ್ಳಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವು ದಂಡೆಯ ಭೂಬಳಕೆಗೂ ಹಳ್ಳದ ಕೀಟಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಿತು. ಅರೆ ನಿತ್ಯಹರಿದ್ವರ್ಣ ಕಾಡಿನ ದಂಡೆಯಿದ್ದ ಹಳ್ಳಗಳಲ್ಲಿ ಕುಟುಂಬ ಮತ್ತು ಕುಲಗಳ ಸಮೃದ್ಧಿ, ಅಂದರೆ ಎಷ್ಟು ಬಗೆಯವು ಎಂಬ ಎಣಿಕೆ, ಎಲ್ಲಕ್ಕಿಂತ ಹೆಚ್ಚು. ಕುರುಚಲು ಮತ್ತು ಕಬ್ಬಿಣದ ಅದಿರಿನ ಗಣಿಗಾರಿಕೆಯ ದಂಡೆಗಳಲ್ಲಿ ಎಲ್ಲಕ್ಕಿಂತ ಕಡಿಮೆ. ಇಷ್ಟು ನಿರೀಕ್ಷಿತ. ಆದರೆ ಮನೆಗಳೂ ಅಡಿಕೆ ತೋಟಗಳೂ ಇದ್ದ ದಂಡೆಯ ಹಳ್ಳಗಳಲ್ಲಿ ಈ ಸಮೃದ್ಧಿ ನಿತ್ಯಹರಿದ್ವರ್ಣ ಕಾಡಿನ ಮತ್ತು ಹುಲ್ಲುಗಾವಲಿನ ಹಳ್ಳಗಳಿಗಿಂತ ಹೆಚ್ಚಾಗಿಯೇ ಇತ್ತು. ಸಹಜ ಹುಲ್ಲುಗಾವಲಿನ ಹಳ್ಳಗಳಲ್ಲಿ ವೈವಿಧ್ಯ ಕಡಿಮೆಯಿದ್ದು, ಅಲ್ಲಿನ ಜೀವಿಸಮುದಾಯ ಗದ್ದೆಬಯಲಿನದನ್ನು ಹೋಲುತ್ತಿತ್ತು. ಮರಗಳ ಚಪ್ಪರ ಪೂರ್ತಿ ಮುಚ್ಚಿದ ಹಳ್ಳಕ್ಕೆ ಬಿಸಿಲು ಬೀಳದೆ ಪಾಚಿ ಬೆಳೆಯುವುದಿಲ್ಲ. ತೋಟದಂಚಿನಲ್ಲಿ ಬೆಳಕು, ಪಾಚಿ, ಸ್ವಲ್ಪ ಗೊಬ್ಬರದಂಶ, ಬಗೆಬಗೆಯ ನೆಲೆಗಳು ಸೇರಿ ಕೆಲವು ಜೀವಿಗಳಿಗೆ ಅನುಕೂಲವಾಗುತ್ತವೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ವೈವಿಧ್ಯದ ಒಂದೇ ಸಂಖ್ಯೆ ಹಿಡಿದು ಹುಲ್ಲುಗಾವಲಿನ ಹಳ್ಳವನ್ನು ಕೆಟ್ಟದ್ದೆಂದೂ ತೋಟದ ಹಳ್ಳವನ್ನು ಕಾಡಿನದಕ್ಕಿಂತ ಒಳ್ಳೆಯದೆಂದೂ ಬರೆದರೆ ಎರಡೂ ತಪ್ಪು. ಯಾವ ಬಗೆಯ ಹಳ್ಳ ಎಂಬುದನ್ನು ಮೊದಲು ವಿಂಗಡಿಸಿ, ಹುಲ್ಲುಗಾವಲಿನದನ್ನು ಹುಲ್ಲುಗಾವಲಿನದಕ್ಕೇ ಹೋಲಿಸುವುದು ಋತುವನ್ನು ಗಮನಿಸುವಷ್ಟೇ ಅಗತ್ಯ.

ಅಂಕಪಟ್ಟಿಯೂ ನಮ್ಮದಾಗಬೇಕು. ಯುರೋಪಿನ ಪಟ್ಟಿಗಳಲ್ಲಿ ಸ್ಟೋನ್‌ಫ್ಲೈ ಕುಟುಂಬಗಳು ಹಲವು, ಅವಕ್ಕೆ ಭಾರಿ ಅಂಕ. ದಕ್ಷಿಣ ಭಾರತದ ಹಳ್ಳಗಳಲ್ಲಿ ಸಿಗುವುದು ಹೆಚ್ಚಾಗಿ ಪರ್ಲಿಡೇ ಒಂದೇ, ಹಾಗಾಗಿ ನಮ್ಮ ಅತ್ಯುತ್ತಮ ಹಳ್ಳಕ್ಕೂ ಆ ಅಳತೆಗೋಲಿನಲ್ಲಿ ಅಂಕ ಕಳೆಯುತ್ತದೆ. ಅದರ ಮೇಲೆ, ಉಷ್ಣವಲಯದಲ್ಲಿ ಹಲವು ಮೇಫ್ಲೈಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ತಲೆಮಾರು ಕಳೆಯುವುದರಿಂದ ಹಾನಿಯಾದ ಜಾಗ ಬೇಗ ತುಂಬಿಕೊಳ್ಳುತ್ತದೆ. ಮೇಲಿನ ಕಾಡು ಸರಿಯಿದ್ದರೆ ಅಲ್ಲಿಂದ ತೇಲಿ ಬಂದ ಮರಿಗಳೂ, ಹಾರಿ ಬಂದು ಮೊಟ್ಟೆಯಿಡುವ ಪ್ರೌಢ ಕೀಟಗಳೂ ಕೆಳಗಿನ ಕೆಟ್ಟ ಜಾಗವನ್ನು ಮತ್ತೆ ಮತ್ತೆ ತುಂಬಿಸುತ್ತವೆ. ಅಕ್ಟೋಬರ್‌ನ ಒಳ್ಳೆಯ ಅಂಕ ಕೆಲವೊಮ್ಮೆ ಮೇಲಿನ ಕಾಡಿನ ಕೊಡುಗೆಯೇ ಹೊರತು ಕೆಳಗಿನ ತೋಟದ ಒಳ್ಳೆಯ ನಡತೆಗೆ ಪುರಾವೆಯಲ್ಲ. ದಕ್ಷಿಣ ಆಫ್ರಿಕಾ ತನ್ನ ಹೊಳೆಗಳಿಗೆ ತಕ್ಕ ಅಂಕಪದ್ಧತಿ ರೂಪಿಸಿಕೊಂಡು, ಜನಸಾಮಾನ್ಯರು ಬಳಸಲೆಂದು 13 ಗುಂಪುಗಳಿಗೆ ಇಳಿಸಿದ ಸರಳ ರೂಪವನ್ನೂ ಮಾಡಿಕೊಂಡಿತು. ನೇಪಾಳವೂ ತನ್ನದನ್ನು ಮಾಡಿಕೊಂಡಿದೆ. ಪಶ್ಚಿಮ ಘಟ್ಟದ ಕೀಟಗಳ ಬಗ್ಗೆ ದಶಕಗಳ ಕೆಲಸ ನಡೆದಿದ್ದು, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ 2007ರಲ್ಲೇ ಮಾದರಿ ಸಂಗ್ರಹ ಮತ್ತು ಗುರುತಿಸುವಿಕೆಗೆ ಕೈಪಿಡಿ ಹೊರತಂದಿದೆ. ಇಷ್ಟಿದ್ದೂ ಸರ್ಕಾರಿ ನಿಗಾ ವ್ಯವಸ್ಥೆ ಘಟ್ಟದ ಹಳ್ಳಗಳಿಗೆ ಹತ್ತದೇ ಇರುವುದು ಬೇಸರದ ಸಂಗತಿ.

ಈ ಪದ್ಧತಿಯ ಮಿತಿಗಳನ್ನೂ ಮುಚ್ಚಿಡಬಾರದು. ರಸ್ತೆ ಅಗಲೀಕರಣ, ಗುಡ್ಡ ಅಗೆದು ಕಟ್ಟುವ ವಸತಿಗೃಹಗಳು, 2018ರ ಆಗಸ್ಟ್‌ನಲ್ಲಿ ಕೊಡಗು ಕಂಡಂಥ ಭೂಕುಸಿತ, ಇವುಗಳಿಂದ ಬರುವ ಹೂಳು ಕಲ್ಲುಗಳ ಸಂದಿಗಳನ್ನು ತುಂಬಿ ಪ್ರವಾಹದ ಕಾಲದ ಆಶ್ರಯವನ್ನೇ ಇಲ್ಲವಾಗಿಸುತ್ತದೆ. ಸಾವಯವ ಕೊಳೆಯ ಅಂಕಪಟ್ಟಿಗೆ ಇದು ಸ್ಪಷ್ಟವಾಗಿ ಕಾಣದು. ಬ್ರಿಟನ್ನಿನಲ್ಲಿ ಹರಿವಿಗೆ ಒಂದು, ಹೂಳಿಗೆ ಇನ್ನೊಂದು ಎಂದು ಪ್ರತ್ಯೇಕ ಸೂಚ್ಯಂಕಗಳನ್ನೇ ಮಾಡಬೇಕಾಯಿತು. ಇನ್ನೂ ಮುಖ್ಯವಾದದ್ದು, ಮೇಫ್ಲೈ ತುಂಬಿದ ಹಳ್ಳದ ನೀರೂ ಕುಡಿಯಲು ಸುರಕ್ಷಿತವೆಂದು ಹೇಳಲಾಗದು. ಮೇಲೆಲ್ಲೋ ಬಚ್ಚಲು–ಶೌಚದ ನೀರು ಸ್ವಲ್ಪವೇ ಸೇರಿದರೂ ರೋಗಾಣುಗಳು ಬರುತ್ತವೆ, ಹುಳುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಅಬ್ಬಿ ನೀರು ಕುಡಿಯುವವರು ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಬೇಕು, ಕಾಯಿಸಿಯೇ ಕುಡಿಯಬೇಕು.

ಹಾಗಾದರೆ ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಜುಲೈ–ಆಗಸ್ಟ್‌ನಲ್ಲಿ ತುಂಬಿದ ಹಳ್ಳಕ್ಕೆ ಇಳಿಯುವುದು ಅಪಾಯ, ಸಿಗುವ ಮಾಹಿತಿಯೂ ಅಲ್ಪ, ಆ ತಿಂಗಳುಗಳನ್ನು ಬಿಡಬಹುದು. ಮಳೆ ಹಿಂದೆ ಸರಿದು ಜೀವಿಗಳು ಮತ್ತೆ ನೆಲೆಯೂರಿದ ನವೆಂಬರ್ ಆರಂಭದಲ್ಲಿ ಒಮ್ಮೆ, ಕಾಫಿ ಕೊಯ್ಲು ಬಿರುಸಾಗಿರುವ ಜನವರಿಯಲ್ಲಿ ಒಮ್ಮೆ, ಹರಿವು ಪೂರ್ತಿ ನಿಲ್ಲುವ ಮುನ್ನ ಮಾರ್ಚ್‌ನಲ್ಲಿ ಒಮ್ಮೆ, ಪ್ರತಿ ವರ್ಷ ಅದದೇ ವಾರಗಳಲ್ಲಿ, ಅದದೇ ಜಾಗಗಳಲ್ಲಿ ಮಾದರಿ ತೆಗೆದರೆ ಮೂರು ನಾಲ್ಕು ವರ್ಷಗಳಲ್ಲಿ ಋತುವಿನ ಸಹಜ ಏರಿಳಿತ ಯಾವುದು, ಅದನ್ನು ಮೀರಿದ ಹಾನಿ ಯಾವುದು ಎಂದು ತಿಳಿಯತೊಡಗುತ್ತದೆ. ಬೇಕಾದದ್ದು ಒಂದು ಕೈಬಲೆ, ಬಿಳಿ ತಟ್ಟೆ, ಭೂತಗನ್ನಡಿ, ಆಲ್ಕೋಹಾಲ್ ತುಂಬಿದ ಸೀಸೆಗಳು ಮತ್ತು ಕುಟುಂಬ ಗುರುತಿಸಲು ಕಲಿತ ಕಣ್ಣು. 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳಲ್ಲಿ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ, ಹತ್ತಿರದ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಈ ಕೆಲಸ ಮೀರಿದ್ದಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಬೇಕಾದದ್ದು ಎರಡು: ಪ್ರತಿ ನದಿಗೂ ಕಾಡಿನೊಳಗಿನ ಕೆಲವು ಹಳ್ಳಗಳನ್ನು ಹೋಲಿಕೆಯ ತಾಣಗಳೆಂದು ಗುರುತಿಸಿ ತನ್ನ ನಿಗಾ ಜಾಲಕ್ಕೆ ಸೇರಿಸುವುದು, ಮತ್ತು ಈ ಮಾದರಿಗಳಲ್ಲಿ ಸರಾಸರಿ ಅಂಕ ಕುಸಿದ ಜಾಗಕ್ಕೆ ತನ್ನ ಬಾಟಲಿಗಳನ್ನು ಆ ವಾರವೇ ಕಳಿಸುವುದು.